ಹಾವು ಎನ್ನದ ಹುಳದ ಡಾಕ್ಟರು

ಹುಳದ ಡಾಕ್ಟರು ಹಾವು ಕಡಿದು ಸತ್ತರು ಎಂದು ಇಲ್ಲಿನ ಕನ್ನಡದವರೆಲ್ಲ ಹೇಳುತ್ತಾರೆ. ಅದು ಅರ್ಧ ಮಾತು. ಹಾವು ಕಡಿದದ್ದು ನಿಜ. ಆದರೆ ಕಡಿದ ಮೇಲೂ ಬದುಕಿಕೊಳ್ಳುವಷ್ಟು ಹೊತ್ತಿತ್ತು, ಕೈಯಲ್ಲಿ ಫೋನಿತ್ತು, ಫೋನಿನ ಆ ಕಡೆ ಹೆಂಡತಿ ಇದ್ದಳು. ಅವರು ಸತ್ತದ್ದು ಹಾವು ಎಂಬ ಎರಡಕ್ಷರ ಬಾಯಿಂದ ಬಾರದೆ.

ಕನ್ನಡ ಸಂಘದವರು ತಮ್ಮ ಸಂಚಿಕೆಯಲ್ಲಿ ಅವರ ಫೋಟೋ ಹಾಕಿ ಸರಳ, ಸಜ್ಜನ, ಮೃದುಭಾಷಿ ಎಂದು ಬರೆದರು. ಇರಲಿ. ಸತ್ತವರೆಲ್ಲ ಹಾಗೆಯೇ ಇರುತ್ತಾರೆ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ನನಗೆ ಅಂಥ ಮಾತು ಬರುವುದಿಲ್ಲ. ಕಂಡದ್ದು ಬರೆಯುತ್ತೇನೆ. "ಇದ್ದದ್ದು ಇದ್ದ ಹಾಗೆ ಬರೀರಿ ಅಜ್ಜಿ, ಹೆಸರು ಮಾತ್ರ ಬೇಡ" ಎಂದು ಅವರ ಹೆಂಡತಿಯೇ ಹೇಳಿದ್ದಾಳೆ. ಹೆಸರು ಯಾಕೆ ಬೇಕು? ಹುಳದ ಡಾಕ್ಟರು ಎಂದರೆ ಸ್ಯಾನ್ ಡಿಯೇಗೋದಲ್ಲಿ ನಮ್ಮವರಿಗೆಲ್ಲ ಗೊತ್ತು.

ನಾನು ಮಗಳ ಮನೆಯಲ್ಲಿದ್ದೆ. ಅದೇ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆ ಅವರದು. ಲಾ ಹೋಯಾ ಕಡೆ ಒಂದು ಕಾಲೇಜಿನಲ್ಲಿ ಕೆಲಸ. ನಾನು ಇಲ್ಲಿಗೆ ಬಂದ ಹೊಸತು, ಎರಡು ಸಾವಿರದ ಒಂದನೆಯ ಇಸವಿ. ಬಾಲ್ಕನಿಯಲ್ಲಿ ಮಗಳ ದಾಸವಾಳದ ಕುಂಡವಿತ್ತು. ಎಲೆಯ ಕೆಳಗೆ ಕೂದಲಿನಂಥ ಎಳೆಗಳು, ಒಂದೊಂದು ಎಳೆಯ ತುದಿಗೆ ಸಾಸಿವೆಗಿಂತ ಸಣ್ಣ ಬಿಳಿಯ ಕಾಳು. ಬೂಷ್ಟು ಹಿಡಿದಿದೆ ಎಂದು ಒದ್ದೆ ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದೆ. ಆಗ ಯಾವುದೋ ಡಬ್ಬಿ ವಾಪಸ್ ಕೊಡಲು ಬಂದ ಅವರು ಬಾಗಿಲಲ್ಲೇ ನಿಂತು ಕೂಗಿಕೊಂಡರು.

"ಒರಸಬ್ಯಾಡ್ರಿ! ತತ್ತಿ ಅವು, ತತ್ತಿ!"

ನಾನು ಬಟ್ಟೆ ಕೆಳಗಿಟ್ಟೆ. ತತ್ತಿ ಉಳಿಯಲಿ ಎಂದಲ್ಲ. ಮೊಟ್ಟೆಗೆ ತತ್ತಿ ಎನ್ನುವ ಬಾಯಿ ನಮ್ಮ ಕಡೆಯದು. ಯಾವ ಊರು ಎಂದು ಕೇಳಿದೆ. ಬಾಗಲಕೋಟೆ ಕಡೆ ಎಂದರು. ನಾನು ಮುಧೋಳದವಳು. ಅಂದಿನಿಂದ ನಾನು ಅವರಿಗೆ ಆಯಿ, ಅವರು ನನಗೆ ತಮ್ಮ.

ಆ ತತ್ತಿ ಇಡುವ ಹುಳಕ್ಕೆ ಅವರು ಜಾಳಿಗೆ ರೆಕ್ಕೆ ಎನ್ನುತ್ತಿದ್ದರು. ಹಸಿರು ಮೈ, ಕಣ್ಣು ಬಂಗಾರದ ಬಣ್ಣ, ರೆಕ್ಕೆ ಜಾಳಿಗೆಯ ಹಾಗೆ ತೆಳ್ಳಗೆ. ಎಲೆಗೇ ಅಂಟಿಸುವುದು ಬಿಟ್ಟು ಕೂದಲಿನ ತುದಿಗೆ ಯಾಕೆ ತತ್ತಿ ಇಡುತ್ತದೆ ಎಂದು ಕೇಳಿದೆ.

"ಮೊದಲ ಹುಟ್ಟಿದ್ದು ಬಾಜೂದ ತತ್ತಿ ತಿಂದುಬಿಡತೈತ್ರಿ ಆಯಿ. ಅದಕ್ಕ ತಾಯಿ ಒಂದೊಂದನ್ನ ದೂರ ದೂರ ತೂಗಹಾಕತಾಳ."

"ಚಲೋ ತಾಯಿ. ಚಲೋ ಮಕ್ಕಳು," ಎಂದೆ. ನಕ್ಕರು.

ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೋ, ಎರಡೂ ಕಡೆಯ ಗುಡ್ಡ ಕಣಿವೆಗಳನ್ನು ತಿರುಗಿ ಈ ಜಾಳಿಗೆ ರೆಕ್ಕೆಯ ಹುಳಗಳು, ಅವುಗಳ ದಾಯಾದಿಯಂಥ ಇನ್ನೊಂದು ಹುಳ, ಇವು ಎಷ್ಟು ಬಗೆ, ಎಲ್ಲೆಲ್ಲಿವೆ ಎಂದು ಹಿಡಿದು ಗುರುತು ಮಾಡುವುದು ಅವರ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರೆ ಎಂದು ನಾನು ನಂಬಲಿಲ್ಲ. ನನ್ನ ಮಗ ಸ್ಯಾಂಟಾ ಕ್ಲಾರಿಟಾದಲ್ಲಿದ್ದ. ಆ ಊರ ಹಿಂದಿನ ಕಣಿವೆಗಳಲ್ಲಿ ಅವರಿಗೆ ಕೆಲಸವಿದ್ದಾಗ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮಗನ ಮನೆಗೆ ಬಿಡುತ್ತಿದ್ದರು. ಬಿಡುವ ಮೊದಲು ಒಂದಿಷ್ಟು ಹೊತ್ತು ಕಣಿವೆಯಲ್ಲಿ ದುಡಿಸಿಕೊಳ್ಳುತ್ತಿದ್ದರು.

ಅವರ ಸಾಮಾನು ಎಂದರೆ ಒಂದು ಬಿಳಿಯ ಕೊಡೆ, ಒಂದು ಕೋಲು, ಸಣ್ಣ ಸಣ್ಣ ಗಾಜಿನ ಬಾಟಲಿ. ಬಿಚ್ಚಿದ ಕೊಡೆಯನ್ನು ಅಂಗಾತ ಮಾಡಿ ಟೊಂಗೆಯ ಕೆಳಗೆ ಹಿಡಿಯುವುದು ನನ್ನ ಪಾಲು. ಮೇಲಿಂದ ಕೋಲಿನಲ್ಲಿ ಬಡಿಯುವುದು ಅವರ ಪಾಲು. ಉದುರಿದ್ದೆಲ್ಲ ಕೊಡೆಯೊಳಗೆ.

"ತಮ್ಮಾ, ಇಂಥಾ ಬಿಸಲಾಗ ಕೊಡಿ ಉಲ್ಟಾ ಹಿಡದು ನಿಂತರ ಮಂದಿ ನನಗ ಹುಚ್ಚಿ ಅಂತಾರ."

"ಇಲ್ಲೆ ಮಂದಿ ಎಲ್ಲಿ ಅದಾರ್ರಿ ಆಯಿ?"

ಅದೇ ನನಗೆ ಸೇರುತ್ತಿರಲಿಲ್ಲ. ಮಂದಿ ಇಲ್ಲ, ದನ ಇಲ್ಲ, ಒಂದು ಬಾವಿ ಇಲ್ಲ. ದಾರಿಯ ಬಾಯಲ್ಲಿ ಒಂದು ಬೋರ್ಡು, ಅದರ ಮೇಲೆ ಸುರುಳಿ ಸುತ್ತಿಕೊಂಡ ಹಾವಿನ ಚಿತ್ರ. ಅದನ್ನು ದಾಟಿ ಹೋದರೆ ಒಣ ಪೊದೆಗಳು. ಕಾಲಿಟ್ಟಲ್ಲೆಲ್ಲ ಚುರಚುರ ಎನ್ನುವ ಎಲೆ. ಮೇಲೆ ದೊಡ್ಡ ಕಪ್ಪು ಹಕ್ಕಿಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು, ಕೆಳಗೆ ಯಾರಾದರೂ ಬೀಳಲಿ ಎಂದು ಕಾಯುವವರ ಹಾಗೆ. ಕಣಿವೆಯೊಳಗೆ ಹೋದಂತೆಲ್ಲ ಅವರ ಫೋನಿನಲ್ಲಿ ಗೆರೆಗಳು ಒಂದೊಂದೇ ಕಡಿಮೆಯಾಗುತ್ತಿದ್ದವು. ಅವರು ಅದನ್ನು ನೋಡುತ್ತಲೂ ಇರಲಿಲ್ಲ.

ಆ ದಾಯಾದಿ ಹುಳವನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಓಕ್ ಮರವೊಂದಕ್ಕೆ ಬಡಿದಾಗ ಕೊಡೆಯೊಳಗೆ ಬಿತ್ತು. ಕಪ್ಪು ಬಣ್ಣ, ಗಾಜಿನಂಥ ರೆಕ್ಕೆ, ಹಿಂದುಗಡೆ ಉದ್ದ ಸೂಜಿ. ಬೇರೆ ಹುಳಗಳ ಹಾಗೆ ಓಡಲಿಲ್ಲ. ಉದ್ದನೆಯ ಕುತ್ತಿಗೆ ಎತ್ತಿ, ಚಪ್ಪಟೆ ತಲೆಯನ್ನು ಆಚೀಚೆ ತಿರುಗಿಸಿ ನನ್ನನ್ನೇ ನೋಡಿತು.

"ಅಯ್ಯ ಇದರ! ಥೇಟ್ ಹಾವು ನೋಡು," ಎಂದೆ.

ಅವರ ಕೈಯ ಕೋಲು ಕೆಳಗೆ ಬಿತ್ತು. "ಆಯಿ, ಹೆಸರು ತಗೀಬ್ಯಾಡ್ರಿ."

"ಯಾವ ಹೆಸರು?"

"ಅದ. ಈಗ ಅಂದ್ರೆಲ್ಲ. ಹುಳಾ ಅನ್ರಿ."

ನಮ್ಮ ಕಡೆ ಹಳಬರು ಹಾವಿಗೆ ಹಾಗೆ ಎನ್ನುತ್ತಾರೆ, ನನಗೂ ಗೊತ್ತು. ಹೆಸರು ಹೇಳಿದರೆ ಬರುತ್ತದೆ ಎಂದು ಭಯ. ಹಾವು ಕಡಿಯಿತು ಎನ್ನುವುದಿಲ್ಲ, ಹುಳ ಮುಟ್ಟಿತು ಎನ್ನುತ್ತಾರೆ. ಆದರೆ ಇಷ್ಟು ಓದಿ, ಪರದೇಶದಲ್ಲಿ ಹುಳವನ್ನೇ ಕೊಯ್ದು ನೋಡುವ ಮನುಷ್ಯ?

"ಈ ಹುಳಕ್ಕ ನಿಮ್ಮ ಕಾಲೇಜಿನ್ಯಾಗ ಏನಂತಾರ?"

"ಸ್ನೇಕ್‌ಫ್ಲೈ," ಎಂದರು. ಅದನ್ನು ಮಾತ್ರ ನೆಟ್ಟಗೆ ಹೇಳಿದರು.

"ಅದೂ ಅದ ಹೆಸರಲ್ಲೇನು?"

"ಇಂಗ್ಲಿಷಿನ್ಯಾಗ ಅಂದರ ನಡೀತೈತ್ರಿ. ಅದಕ್ಕ ತಿಳಿಯೂದಿಲ್ಲ."

"ತಮ್ಮಾ, ಇಲ್ಲಿ ಹಾವಿಗೆ ತಿಳಿಯೂದು ಇಂಗ್ಲಿಷ. ಕನ್ನಡ ತಿಳಿಯೂದಿಲ್ಲ. ನೀ ಉಲ್ಟಾ ಮಾಡಾಕತ್ತಿ."

ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆದರೆ ಅನ್ನಲಿಲ್ಲ. ಆ ಹುಳಕ್ಕೆ ನನ್ನ ಮುಂದೆ ಉದ್ದ ಕುತ್ತಿಗೆ ಎಂದೇ ಕರೆದರು. ಹಿಂದಿನ ಸೂಜಿ ಕುಟುಕುವುದಲ್ಲ, ಮರದ ತೊಗಟೆಯ ಸಂದಿಯಲ್ಲಿ ತತ್ತಿ ಇಡುವುದಕ್ಕೆ, ಈ ಹುಳ ಯಾರಿಗೂ ಏನೂ ಮಾಡುವುದಿಲ್ಲ ಎಂದು ಕೈಮೇಲೆ ಬಿಟ್ಟುಕೊಂಡು ತೋರಿಸಿದರು.

ಕಣಿವೆಯಿಂದ ಮಗನ ಮನೆಗೆ ಹೋಗುವಾಗ ಕಾರಿನಲ್ಲಿ ತಾವೇ ಹೇಳಿದರು. ಅವರು ಸಣ್ಣವರಿದ್ದಾಗ ಮೇವಿನ ಬಣವೆ ಇಳಿಸುತ್ತಿದ್ದ ತಂದೆಗೆ ಹುಳ ಮುಟ್ಟಿತ್ತು. ಉಳಿಯಲಿಲ್ಲ. ಅಂದಿನಿಂದ ಅವರವ್ವ ಆ ಹೆಸರನ್ನು ಹೊಸಿಲ ಒಳಗೆ ಬರಗೊಡಲಿಲ್ಲ. ಒಮ್ಮೆ ಅಣ್ಣ ಆಟದಲ್ಲಿ ಅಂದುಬಿಟ್ಟದ್ದಕ್ಕೆ ಬಾಯಿಗೆ ಒಣಮೆಣಸಿನಕಾಯಿ ತುರುಕಿದಳಂತೆ. "ಆಗಿಂದ ನಮಗ ಇಬ್ಬರಿಗೂ ಬರೂದ ಇಲ್ರಿ ಆಯಿ. ಅನಬೇಕಂದ್ರೂ ನಾಲಿಗಿ ಹೊಳ್ಳೂದಿಲ್ಲ," ಎಂದರು. ಎಲ್ಲರಲ್ಲೂ ಒಂದೊಂದು ಹುಚ್ಚು ಇರುತ್ತದೆ. ಇದೂ ಒಂದು ಎಂದುಕೊಂಡೆ.

ಇನ್ನೊಂದು ಚಾಳಿ ನೋಡಿ ಮಾತ್ರ ಸುಮ್ಮನಿರಲಾಗಲಿಲ್ಲ. ಉದ್ದ ಕುತ್ತಿಗೆಯ ಮರಿಗಳು ಒಣ ತೊಗಟೆಯ ಹಿಂದೆ ಇರುತ್ತವೆ. ಬಿದ್ದ ಮರ ಕಂಡರೆ ಸಾಕು, ಅವರು ಮಂಡಿಯೂರಿ, ಸಡಿಲ ತೊಗಟೆಯ ಹಿಂದೆ ಬರಿಗೈ ಹಾಕಿ ತಡಕಾಡುತ್ತಿದ್ದರು. ನಾನು ಹೊಲದಲ್ಲಿ ದುಡಿದವಳು. ಕಾಣದ ಸಂದಿಗೆ ನಾವು ಕೈ ಹಾಕುವುದಿಲ್ಲ.

"ಮೊದಲ ಕೋಲು ಇಡು. ಆಮ್ಯಾಲೆ ಕೈ."

"ಕೋಲು ಇಟ್ಟರ ಮರಿ ಹಿಚಕತೈತ್ರಿ. ಮತ್ತ ಇಲ್ಲಿಯ ಆ ಹುಳಾ ಬಾಲದ ಗಿಲಕಿ ಗಿಲಗಿಲ ಅನಸತಾವ. ಮೊದಲ ಹೇಳಿ ಮುಟ್ಟತಾವ."

"ಎಲ್ಲಾ ಸಲಾನೂ ಹೇಳತಾವಂತ ನಿನಗ ಬರದ ಕೊಟ್ಟಾವೇನು?"

ಅವರ ಕೈ ಆಗಲೇ ತೊಗಟೆಯ ಹಿಂದೆ ಹೋಗಿತ್ತು.

ಹೆಂಡತಿ ಬೆಂಗಳೂರಿನವಳು. ಇಬ್ಬರೂ ಓದುವಾಗ ತಾವೇ ಮೆಚ್ಚಿ ಮದುವೆಯಾದವರು. ಬಾಗಲಕೋಟೆಯ ಅತ್ತೆ ಬೇಡ ಎನ್ನಲಿಲ್ಲ, ಬೇಕು ಎಂದೂ ಎನ್ನಲಿಲ್ಲ. ಅವರು ನನ್ನ ಜೊತೆ ಊರ ಮಾತಾಡುತ್ತಿದ್ದರು, ಹೆಂಡತಿ ಬಂದ ಕೂಡಲೇ ಬೆಂಗಳೂರಿನ ಮಾತಿಗೆ ಹೊರಳುತ್ತಿದ್ದರು. "ಒಂದ ಬಾಯಾಗ ಎರಡ ನಾಲಿಗಿ ಇಟಗೊಂಡಿ," ಎಂದು ಅಣಕಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

"ಇವರು ಅವರಮ್ಮನ ಜೊತೆ ಫೋನಲ್ಲಿ ಮಾತಾಡ್ತಿದ್ರೆ ನನಗೆ ಅರ್ಧ ಅರ್ಥಾನೇ ಆಗಲ್ಲ ಅಜ್ಜಿ. ಜಗಳ ಆಡ್ತಿದಾರೋ, ಊಟ ಆಯ್ತಾ ಅಂತ ಕೇಳ್ತಿದಾರೋ, ಗೊತ್ತೇ ಆಗಲ್ಲ."

ಒಂದು ಭಾನುವಾರ ಅವರು ನನ್ನನ್ನು ಕಾಲೇಜಿನ ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಉದ್ದ ಕುತ್ತಿಗೆಯ ಬಗೆ ತಿಳಿಯಬೇಕಾದರೆ ಗಂಡು ಹುಳದ ಬಾಲದ ತುದಿ ಕತ್ತರಿಸಿ, ಸುಡುವ ನೀರಿನಂಥದ್ದರಲ್ಲಿ ಹಾಕಿ, ಮಾಂಸ ಕರಗಿದ ಮೇಲೆ ಉಳಿದ ಚಿಪ್ಪನ್ನು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನ ಕೆಳಗೆ ಇಟ್ಟು ನೋಡಬೇಕು. ನಾನೂ ನೋಡಿದೆ. ಸಣ್ಣ ಕೊಕ್ಕೆ, ಇಕ್ಕಳ. ಕಮ್ಮಾರನ ಅಂಗಡಿ ಕಂಡ ಹಾಗೆ ಕಂಡಿತು.

ಹಸಿರು ಜಾಳಿಗೆ ರೆಕ್ಕೆಯದು ಬೇರೆ ಕಥೆ. ಅವುಗಳಲ್ಲಿ ಕೆಲವನ್ನು ಎಷ್ಟು ಕೊಯ್ದು ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಹಾಡಿನಿಂದ ತಿಳಿಯಬೇಕು. ಹುಳ ಹೊಟ್ಟೆ ನಡುಗಿಸುತ್ತದೆ, ಕೂತ ಎಲೆ ನಡುಗುತ್ತದೆ, ಅದೇ ಹಾಡು. ನಮ್ಮ ಕಿವಿಗೆ ಕೇಳದು. ಅವರು ಯಂತ್ರಕ್ಕೆ ಸಿಕ್ಕಿಸಿ ನನ್ನ ಕಿವಿಗೆ ಇಟ್ಟರು. ಗುರ್ರ್, ಗುರ್ರ್, ದೂರದಲ್ಲಿ ಗಿರಣಿ ನಡೆದಂತೆ. ಗಾಜಿನೊಳಗೆ ಎರಡು ಹುಳಗಳಿದ್ದವು, ಅವಳಿ ಮಕ್ಕಳಷ್ಟು ಒಂದೇ ಥರ. ಗಂಡು ನಡುಗಿತು, ನಡುಗಿತು, ನಡುಗುತ್ತಲೇ ಇತ್ತು. ಹೆಣ್ಣು ಮುಖ ಕೂಡ ತಿರುಗಿಸಲಿಲ್ಲ.

"ಯಾಕ, ಕಿವುಡಿ ಏನು ಅದು?"

"ಕಿವುಡಿ ಅಲ್ರಿ ಆಯಿ. ಇದು ಬ್ಯಾರೆ ಬಗಿ. ಅಂವ ಏನ ಹೇಳಾಕತ್ತಾನಂತ ಅದಕ್ಕ ಗೊತ್ತಾಗೂದಿಲ್ಲ. ಎಲಿ ಅಲಗತೈತಿ, ಅಷ್ಟ."

ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ನಮ್ಮನೇಲೂ ಹಾಗೇ ಬಿಡಿ," ಎಂದಳು. ಮೂವರೂ ನಕ್ಕೆವು.

ಎರಡು ಸಾವಿರದ ಮೂರರ ಅಕ್ಟೋಬರಿನಲ್ಲಿ ಪೂರ್ವದ ಗುಡ್ಡಗಳಿಗೆ ಬೆಂಕಿ ಬಿತ್ತು. ಮರುಭೂಮಿಯಿಂದ ಬರುವ ಒಣಗಾಳಿ ಅದನ್ನು ಊರ ಕಡೆ ಅಟ್ಟಿಕೊಂಡು ಬಂತು. ಹಗಲಲ್ಲೇ ಸೂರ್ಯ ಕೆಂಪಾದ. ಬಾಲ್ಕನಿಯಲ್ಲಿ ಒಣಹಾಕಿದ ಸೀರೆಯ ಮೇಲೆಲ್ಲ ಬೂದಿ. ಎಲ್ಲರೂ ಪಾಸ್‌ಪೋರ್ಟು, ಬಂಗಾರ ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಂಡು ಟಿವಿ ನೋಡುತ್ತಿದ್ದರು. ಅವರು ಮಾತ್ರ ಬಾಲ್ಕನಿಯಲ್ಲಿ ನಿಂತು ಅಂಗೈ ಚಾಚಿ ಬೂದಿ ಹಿಡಿಯುತ್ತಿದ್ದರು. "ಇದು ಯಾವ ಮರದ್ದೋ," ಎಂದರು. ಆ ಮುಖ ನನಗೆ ಸರಿಬರಲಿಲ್ಲ. ಒಳಗೆ ಬಾ ಎಂದು ಗದರಿದೆ.

ಬೆಂಕಿ ಆರಿದ ಮೇಲೆ ಸುಟ್ಟ ಕಣಿವೆಗಳಲ್ಲಿ ಯಾವ ಹುಳ ಉಳಿದಿದೆ, ಯಾವುದು ವಾಪಸ್ ಬರುತ್ತದೆ ಎಂದು ನೋಡುವ ಕೆಲಸ ಶುರುವಾಯಿತು. ಒಂದು ಸಲ ನನ್ನನ್ನೂ ಕರೆದೊಯ್ದರು. ನೆಲ ಕಪ್ಪು, ಮರ ಕಪ್ಪು, ಹಕ್ಕಿಯ ದನಿಯಿಲ್ಲ. ಸುಟ್ಟು ಬಿದ್ದ ಓಕಿನ ತೊಗಟೆ ಎಬ್ಬಿಸಿದರೆ ಒಳಗೆ ಒಂದು ಮರಿ ಜೀವ ಇತ್ತು. ಮುಟ್ಟಿದರೆ ಹಿಮ್ಮುಖವಾಗಿ ಸರ್ರನೆ ಓಡಿತು. "ನೋಡ್ರಿ ಆಯಿ, ಬದುಕೇತಿ!" ಎಂದು ಸಣ್ಣ ಹುಡುಗನ ಹಾಗೆ ಕುಣಿದರು. ನಾನು ಅವರ ಕೈ ನೋಡಿದೆ. ಮೊಣಕೈ ತನಕ ಮಸಿ. ಆ ಕೈ ಮತ್ತೆ ಸಂದಿಯೊಳಗೆ ಹೋಯಿತು.

ಬೆಂಕಿಯಾಗಿ ಮೂರನೆಯ ವಸಂತ. ಮಳೆ ನಿಂತು ಮೊದಲ ಬಿಸಿಲು ಬಿದ್ದ ವಾರ. ಉದ್ದ ಕುತ್ತಿಗೆ ರೆಕ್ಕೆ ಬಿಚ್ಚಿ ಹೊರಗೆ ಬರುವ ಕಾಲ ಅದು. ಅದೇ ಕಾಲಕ್ಕೆ ಬಿಲದಲ್ಲಿದ್ದದ್ದೂ ಬಿಸಿಲಿಗೆ ಮೈ ಕಾಯಿಸಲು ಹೊರಗೆ ಬರುತ್ತದೆ. ಬೆಳಿಗ್ಗೆ ಅವರು ಕಾರಿಗೆ ಸಾಮಾನು ತುಂಬುವುದನ್ನು ಮೇಲಿನಿಂದ ನೋಡಿದೆ. ಒಬ್ಬರೇ ಇದ್ದರು. ಊರ ಪೂರ್ವಕ್ಕೆ, ಸುಟ್ಟ ಕಣಿವೆಗೆ ಹೋದರು.

ಮಧ್ಯಾಹ್ನ ಅಲ್ಲಿ ನಡೆದಾಡಲು ಬಂದ ಯಾರೋ ಅವರನ್ನು ಕಂಡರು. ಕಾಲುದಾರಿಯಲ್ಲಿ, ಕಾರಿಗೆ ಇನ್ನೇನು ಸ್ವಲ್ಪ ದೂರದಲ್ಲಿ ಬಿದ್ದಿದ್ದರು. ಬಲಗೈ ಭುಜದ ತನಕ ಬಾತಿತ್ತು. ಹೆಲಿಕಾಪ್ಟರ್ ಬಂತು. ಆಸ್ಪತ್ರೆಯವರು ಔಷಧ ಕೊಟ್ಟರು. ತಡವಾಗಿತ್ತು. ರಾತ್ರಿ ಆಗುವ ಮೊದಲೇ ಮುಗಿಯಿತು.

ಫೋನು ತೆಗೆದು ನೋಡಿದಾಗ ಹೆಂಡತಿಗೆ ಒಂದು ಕರೆ ಹೋಗಿತ್ತು, ಬೆಳಿಗ್ಗೆಯೇ. ಅದಾದ ಮೇಲೆ ಆಂಬುಲೆನ್ಸಿನ ನಂಬರು ಮತ್ತೆ ಮತ್ತೆ ಒತ್ತಿದ್ದರು, ಫೋನಿನಲ್ಲಿ ಗೆರೆ ಇಲ್ಲದೆ ಒಂದೂ ಹೋಗಿರಲಿಲ್ಲ. ಮೊದಲು ಹೆಂಡತಿಗೆ ಯಾಕೆ ಮಾಡಿದರು ಎಂದು ಜನ ಕೇಳುತ್ತಾರೆ. ಹೆದರಿದವನ ಬೆರಳು ದಿನಾ ಒತ್ತುವ ಗುಂಡಿಯನ್ನೇ ಒತ್ತುತ್ತದೆ.

ಕರೆ ಬಂದದ್ದು ಹೌದು ಎಂದಳು ಅವಳು. ಆಫೀಸಿನಲ್ಲಿದ್ದಳಂತೆ. ಏನಂದರು ಎಂದು ಪೊಲೀಸರು ಕೇಳಿದರು, ಆಸ್ಪತ್ರೆಯವರು ಕೇಳಿದರು. ಯಾವುದೋ ಇನ್ಸೆಕ್ಟ್ ಬೈಟ್ ಎಂದರು, ಆಯಿಂಟ್‌ಮೆಂಟ್ ಹಚ್ಚಿಕೊಳ್ಳಿ ಎಂದೆ, ಕಟ್ ಆಯಿತು. ಎಲ್ಲರಿಗೂ ಇದನ್ನೇ ಹೇಳಿದಳು.

ಯಾರು ನಂಬುತ್ತಾರೆ? ದಹನವಾದ ಮೇಲೆ ಮನೆಯಲ್ಲಿ ಜನ ಸೇರಿದಾಗ ಅಡುಗೆಮನೆಯಲ್ಲಿ ಹೆಂಗಸರ ಪಿಸುಮಾತು ಶುರುವಾಯಿತು. ಉಡುಪಿ ಕಡೆಯವಳೊಬ್ಬಳು ಅನ್ನದ ತಟ್ಟೆಗೆ ಫಾಯಿಲ್ ಮುಚ್ಚುತ್ತಾ, "ಫೋನ್ ಮಾಡಿದ್ರಂತೆ ಮಾರಾಯ್ರೆ, ಇವಳು ಆಂಬುಲೆನ್ಸಿಗೆ ಹೇಳ್ಲೇ ಇಲ್ವಂತೆ. ಏನಿತ್ತೋ ಒಳಗೊಳಗೆ, ಯಾರಿಗೆ ಗೊತ್ತುಂಟು?" ಎಂದಳು. "ಕಣ್ಣಾರೆ ಕಂಡೀಯೇನವಾ?" ಎಂದೆ. ಅವಳು ಇನ್ನೊಂದು ತಟ್ಟೆಗೆ ಫಾಯಿಲ್ ಎಳೆದಳು. ಆದರೆ ನನ್ನ ತಲೆಯಲ್ಲೂ ಅದೇ ಕೊರೆಯುತ್ತಿತ್ತು. ಹಾವು ಕಡಿದವನು ಇನ್ಸೆಕ್ಟ್ ಎನ್ನುತ್ತಾನೆಯೇ?

ಷಿಕಾಗೋದಿಂದ ಅವರಣ್ಣ ಬಂದಿದ್ದ. ಬಂದ ಗಳಿಗೆಯಿಂದ ಇಂಗ್ಲಿಷ್ ಬೆರೆಸಿದ ಬೆಂಗಳೂರಿನ ಮಾತೇ. ಅವ್ವನ ಜೊತೆ ಫೋನಿನಲ್ಲಿ ಮಾತಾಡಿ ಬಂದು, ಎಲ್ಲರೆದುರಿಗೆ ನಡುಮನೆಯಲ್ಲಿ ನಿಂತು ಹೇಳಿದ. ಅಸ್ಥಿಯನ್ನು ತಾನೊಬ್ಬನೇ ಊರಿಗೆ ಒಯ್ದು ಕೃಷ್ಣೆಗೆ ಬಿಡುತ್ತಾನೆ. ಅವಳು ಬರುವುದು ಬೇಡ. ಮಗನನ್ನು ಸಾಯಲು ಬಿಟ್ಟು ಸುಳ್ಳು ಹೇಳುವವಳ ಮುಖ ನೋಡುವುದಿಲ್ಲ ಎಂದಿದ್ದಾಳೆ ಅವ್ವ.

ಅವಳು ಗೋಡೆಗೆ ಒರಗಿ ಕೂತಿದ್ದಳು. "ನಾನು ಸುಳ್ಳು ಹೇಳ್ತಿಲ್ಲ ಭಾವ. ನಾನೂ ಬರ್ತೀನಿ. ನಾನೇ ತಗೊಂಡು ಬರ್ತೀನಿ."

"ಅವನು ಎಂಟಮಾಲಜಿಸ್ಟ್," ಎಂದ ಅಣ್ಣ. "ಸ್ನೇಕ್‌ಗೆ ಇನ್ಸೆಕ್ಟ್ ಅಂತಾನಾ? ಸ್ನೇಕ್‌ಗೆ? ಡೋಂಟ್ ಲೈ ಟು ಮೀ."

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅವನು ಎರಡು ಸಲ ಸ್ನೇಕ್ ಎಂದ. ಇನ್ನೇನೇ ಕನ್ನಡದಲ್ಲಿ ಅಂದರೂ ಆ ಹೆಸರು ಮಾತ್ರ ಕನ್ನಡದಲ್ಲಿ ಬರಲಿಲ್ಲ. ಬಾಯಿಗೆ ಮೆಣಸಿನಕಾಯಿ ತುರುಕಿಸಿಕೊಂಡವನು ಇವನೇ ಅಲ್ಲವೇ ಎಂದು ನೆನಪಾಯಿತು.

ಕೈಯಲ್ಲಿದ್ದ ಸೌಟು ಇಟ್ಟು ಹೋಗಿ ಅವಳ ಎದುರಿಗೆ ಕೂತೆ.

"ಇನ್ಸೆಕ್ಟ್ ಗಿನ್ಸೆಕ್ಟ್ ಬಿಡು. ಅಂವ ಇಂಗ್ಲಿಷಿನ್ಯಾಗ ಅಂದನೇನು?"

"ಇಲ್ಲ ಅಜ್ಜಿ. ಕನ್ನಡದಲ್ಲೇ."

"ಹಂಗಾರ ಅಂವ ಹೆಂಗ ಅಂದ, ಹಂಗ ಹೇಳು. ಒಂದ ಅಕ್ಷರ ಬದಲಿ ಮಾಡಬ್ಯಾಡ."

ಕಣ್ಣು ಮುಚ್ಚಿದಳು. "ಗಾಳಿ ಸದ್ದು. ಕಟ್ ಕಟ್ ಆಗ್ತಿತ್ತು. ಅವರಮ್ಮನ ಜೊತೆ ಮಾತಾಡೋ ಥರ ಮಾತಾಡಿದ್ರು. ನನ್ನ ಜೊತೆ ಯಾವತ್ತೂ ಹಾಗೆ ಮಾತಾಡಲ್ಲ, ತಮಾಷೆ ಮಾಡ್ತಿದಾರೆ ಅಂದ್ಕೊಂಡೆ." ಆಮೇಲೆ ಅವರ ದನಿಯಲ್ಲೇ ಹೇಳಿದಳು. "ಹುಳಾ ಮುಟ್ಟೇತಿ. ಹುಳಾ ಮುಟ್ಟೇತಿ ನನಗ. ಹಚ್ಚು. ಜಲ್ದಿ ಹಚ್ಚು."

ಅಣ್ಣನ ಕೈಯಲ್ಲಿ ಪೇಪರಿನ ಕಪ್ಪಿನಲ್ಲಿ ಚಹಾ ಇತ್ತು. ಕಪ್ಪು ಓರೆಯಾಗಿ ಚಹಾ ಅವನ ಅಂಗಿಯ ಮೇಲೆ ಸುರಿಯುತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ. ಹಾಗೇ ನೆಲದ ಮೇಲೆ ಕೂತ. "ಯವ್ವಾ," ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಊರ ಮಾತು ಅದು.

ಅವಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಏನು? ಏನಾಯ್ತು? ಏನಂದ್ರು ಅವರು?"

ನನ್ನ ಮಗಳು ಹಿಂದಿನಿಂದ ನನ್ನ ಭುಜ ಹಿಡಿದಳು. "ಅವ್ವಾ, ಬ್ಯಾಡ. ಈಗ ಬ್ಯಾಡ."

ಈಗಲ್ಲದಿದ್ದರೆ ಯಾವಾಗ? ಸುಳ್ಳುಗಾರ್ತಿ ಎನ್ನಿಸಿಕೊಂಡು ಅವಳು ಈ ಗೋಡೆಗೆ ಒರಗಿಯೇ ಇರಬೇಕಿತ್ತೇ? ಹೇಳಿದೆ.

"ನಮ್ಮ ಕಡೆ ಹಾವಿಗೆ ಹುಳಾ ಅಂತಾರ. ಹುಳಾ ಮುಟ್ಟೇತಿ ಅಂದರ ಹಾವು ಕಡದೈತಿ ಅಂತ. ಹಚ್ಚು ಅಂದದ್ದು ಮುಲಾಮು ಅಲ್ಲ. ಫೋನ್ ಹಚ್ಚು ಅಂದಾನ. ಫೋನ್ ಮಾಡು ಅಂತ. ಆಂಬುಲೆನ್ಸಿಗೆ. ಅಂಜಿದಾಗ ಬಾಯಿಗೆ ಇಂಗ್ಲಿಷ ಬರೂದಿಲ್ಲ, ಅವ್ವನ ಮಾತ ಬರತೈತಿ."

ಅವಳು ಅಳಲಿಲ್ಲ. ನನ್ನ ಬಾಯನ್ನೇ ನೋಡಿದಳು.

"ಅಂದ್ರೆ ಹೇಳಿದ್ರು," ಎಂದಳು. "ನನಗೆ ಸರಿಯಾಗೇ ಹೇಳಿದ್ರು."

"ಹೇಳಿದ್ದ."

"ಬ್ಯಾಗಿನ ಮುಂದಿನ ಜೇಬಲ್ಲಿದೆ, ಹಚ್ಕೊಳ್ಳಿ ಅಂದೆ ಅಜ್ಜಿ ನಾನು."

ಉಡುಪಿಯವಳು ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದಳು. ಆಮೇಲೆ ಎಷ್ಟೋ ಜನ ನನಗೆ ಹೇಳಿದರು, ನೀವು ಅದನ್ನು ಆ ಹುಡುಗಿಗೆ ಹೇಳಬಾರದಿತ್ತು, ಅಣ್ಣನಿಗೆ ಮಾತ್ರ ಒಳಗೆ ಕರೆದು ಹೇಳಬೇಕಿತ್ತು ಎಂದು. ಅವರಿಗೆ ಹೇಳುವುದು ಸುಲಭ. ಇವತ್ತಾದರೂ ನಾನು ಅವಳಿಗೇ ಹೇಳುತ್ತಿದ್ದೆ.

ಅಣ್ಣ ಮೇಲೆದ್ದು ಅವಳ ಹತ್ತಿರ ಬಂದ. ಮೂಲೆಯ ಮೇಜಿನ ಮೇಲಿದ್ದ ಅಸ್ಥಿಯ ಡಬ್ಬಿ ತಂದು ಅವಳ ಮಡಿಲಲ್ಲಿ ಇಟ್ಟ. ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಬಾಗಲಕೋಟೆಯಲ್ಲಿ ಬಾಗಿಲು ತೆಗೆಯಬೇಕಾದವಳು ಇನ್ನೊಬ್ಬಳಿದ್ದಳು. ಅವಳಿಗೆ ಯಾರು ಹೇಳುವುದು? ಮಗನ ನಾಲಿಗೆ ಕಟ್ಟಿದ್ದು ನೀನೇ ಎಂದು ತಾಯಿಗೆ ಯಾರು ಹೇಳುತ್ತಾರೆ?

"ಆಯಿ," ಎಂದ ಅಣ್ಣ. ತಮ್ಮನ ದನಿಯೇ. "ನನ್ನ ಕೈಲೆ ಆಗೂದಿಲ್ರಿ."

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಕೆಳಗಿನ ಮನೆಗೆ ಹೋದೆ. ಅಣ್ಣ ಫೋನ್ ಕಾರ್ಡಿನ ನಂಬರುಗಳನ್ನೆಲ್ಲ ಒತ್ತಿ ಫೋನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿಬಿಟ್ಟ. ಅವಳು ನನ್ನ ಪಕ್ಕದಲ್ಲೇ ಕೂತಳು.

"ಯಾರವಾ?" ಎಂದಿತು ಆ ಕಡೆಯ ದನಿ. ನನ್ನ ವಯಸ್ಸಿನದೇ.

"ನಿಮ್ಮ ಮಗನ ಮ್ಯಾಲಿನ ಮನಿಯಾಕಿ. ಮುಧೋಳದಾಕಿ. ನಿಮ್ಮ ಸೊಸಿ ಸುಳ್ಳು ಹೇಳಿಲ್ಲ."

"ಹಂಗಾರ ಏನಂದ ನನ್ನ ಮಗ?"

"ಹುಳಾ ಮುಟ್ಟೇತಿ ಅಂದ. ಫೋನ್ ಹಚ್ಚು ಅಂದ. ಆಕಿ ಬೆಂಗಳೂರಾಕಿ. ಆಕಿಗೆ ತಿಳೀಲಿಲ್ಲ."

ಆ ಕಡೆ ಎಲ್ಲೋ ನಾಯಿ ಬೊಗಳುತ್ತಿತ್ತು.

"ಹುಳಾ ಅಂದನ?"

"ಹೂಂ."

"ಜೀವ ಹೋಗೂ ಮುಂದೂ ನನ್ನ ಮಾತು ಮೀರಲಿಲ್ಲ ನನ್ನ ಕೂಸು," ಎಂದಳು. ಆ ದನಿಯಲ್ಲಿ ಹೆಮ್ಮೆಯಿತ್ತೋ, ಗೋಳಿತ್ತೋ ನನಗೆ ತಿಳಿಯಲಿಲ್ಲ. ತಡೆದು, "ಬರಲಿ ಆಕಿ. ಬೂದಿ ಆಕೀನ ತರಲಿ," ಎಂದಳು.

"ಬರತಾಳ. ಆದರ ಬಂದ ಮ್ಯಾಲೆ ಆಕಿಗೆ ಹುಳಾ ಗಿಳಾ ಅಂತ ಕಲಸಬ್ಯಾಡ್ರಿ. ನಿಮ್ಮ ಮಗಗ ಕಡದದ್ದು ಹಾವು."

"ಅಯ್ಯ, ಹೆಸರು ತಗೀಬ್ಯಾಡವಾ!" ಎಂದು ಉಸಿರು ಎಳೆದುಕೊಂಡಳು. "ಇಲ್ಲೆ ಹೊತ್ತು ಮುಳಗೇತಿ."

"ಇಲ್ಲೆ ಹೊತ್ತು ಹೊಂಟೇತಿ," ಎಂದೆ. "ಹಾವು," ಎಂದೆ.